ಹಳೆಯ ಹೈಬ್ರಿಡ್ ಉಳಿಯಬೇಕಾದರೆ ಮಾಲೀಕರು ಕೂಡಬೇಕು

ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಹೈಬ್ರಿಡ್ ಕಾರು ಯಾವುದು ಎಂದು ಕೇಳಿದರೆ ಹೆಚ್ಚಿನವರು ಟೊಯೊಟಾ ಪ್ರಿಯಸ್ ಎನ್ನುತ್ತಾರೆ. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲೇ ಪ್ರಿಯಸ್ ಬಂದದ್ದು ನಿಜ. ಆದರೆ ಅದು ಅಮೆರಿಕಕ್ಕೆ ಕಾಲಿಡುವ ಹೊತ್ತಿಗೆ 2000ದ ಅರ್ಧ ಕಳೆದಿತ್ತು. ಅದಕ್ಕೂ ಕೆಲವು ತಿಂಗಳು ಮೊದಲೇ, 1999ರ ಡಿಸೆಂಬರ್‌ನಲ್ಲಿ, ಹೋಂಡಾ ಇನ್‌ಸೈಟ್ ಅಲ್ಲಿನ ಶೋರೂಮುಗಳಿಗೆ ಬಂದಿತ್ತು. ಎರಡೇ ಸೀಟು, ಅಲ್ಯೂಮಿನಿಯಂ ಬಾಡಿ, ಹಿಂದಿನ ಚಕ್ರಗಳನ್ನು ಅರ್ಧ ಮುಚ್ಚುವ ಹೊದಿಕೆ, ಹಿಂದಕ್ಕೆ ಇಳಿಯುತ್ತಾ ಕಿರಿದಾಗುವ ಮೈ. ಒಮ್ಮೆ ನೋಡಿದವರು ಅದನ್ನು ಬೇರೆ ಯಾವ ಕಾರೆಂದೂ ತಪ್ಪು ತಿಳಿಯುವುದಿಲ್ಲ.

ಈ ಮೊದಲ ತಲೆಮಾರಿನ ಇನ್‌ಸೈಟ್ ತಯಾರಿಕೆ 2006ರಲ್ಲಿ ನಿಂತಿತು. ಜಗತ್ತಿನಾದ್ಯಂತ ತಯಾರಾದದ್ದು ಸುಮಾರು 17 ಸಾವಿರ ಮಾತ್ರ, ಅದರಲ್ಲಿ ಬಹುಪಾಲು ಹೋಗಿದ್ದು ಅಮೆರಿಕಕ್ಕೆ. ಇವತ್ತು ಅವುಗಳಲ್ಲಿ ಅತ್ಯಂತ ಹೊಸದಕ್ಕೂ ಎರಡು ದಶಕದ ವಯಸ್ಸು. ಎಷ್ಟೋ ಗುಜರಿಗೆ ಹೋಗಿವೆ. ಉಳಿದವನ್ನು ದಿನವೂ ಓಡಿಸುವವರು ಆ ವಿಶಾಲ ದೇಶದ ಉದ್ದಗಲಕ್ಕೂ ಚದುರಿದ್ದಾರೆ. ಒಂದು ಊರಿನಲ್ಲಿ ಒಬ್ಬರಿದ್ದರೆ ಮುಂದಿನವರು ಇನ್ನೂರು ಕಿಲೋಮೀಟರ್ ಆಚೆ ಇರಬಹುದು. ಇಂಥ ಮಾಲೀಕರು ದೇಶಮಟ್ಟದಲ್ಲಿ ಒಂದೆಡೆ ಸೇರಬೇಕೆಂದರೆ ಹೇಗೆ ಯೋಜನೆ ಮಾಡಬೇಕು? ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಮಾತು. ಆದರೆ ಹೈಬ್ರಿಡ್ ಕಾರುಗಳು ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಈ ಕಾಲದಲ್ಲಿ, ಅವಕ್ಕೆ ವಯಸ್ಸಾದಾಗ ಏನಾಗುತ್ತದೆ ಎಂಬುದು ನಮಗೂ ಸಂಬಂಧಪಟ್ಟ ವಿಷಯ.

ಅಂಥ ಸಮಾವೇಶದ ಉದ್ದೇಶ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದಷ್ಟೇ ಆಗಬಾರದು. ಕಾರನ್ನು ಬದುಕಿಸಿಕೊಳ್ಳುವ ವಿದ್ಯೆ ಬಲ್ಲವರ ಕೈಯಿಂದ ಕಲಿಯುವವರ ಕೈಗೆ ದಾಟಬೇಕು. ಜಾಗ, ದಿನ, ಖರ್ಚು, ಕಾರ್ಯಕ್ರಮ ಎಲ್ಲವನ್ನೂ ಈ ಉದ್ದೇಶದಿಂದಲೇ ಲೆಕ್ಕ ಹಾಕಬೇಕು. ಯಾಕೆಂದು ತಿಳಿಯಲು ಮೊದಲು ಈ ಕಾರಿನ ಒಳಗನ್ನು ನೋಡಬೇಕು.

ಇನ್‌ಸೈಟ್‌ನ ಎಂಜಿನ್ ಚಿಕ್ಕದು: ಒಂದು ಲೀಟರ್, ಮೂರು ಸಿಲಿಂಡರ್. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಆರು ಸೆಂಟಿಮೀಟರ್ ದಪ್ಪದ ಒಂದು ವಿದ್ಯುತ್ ಮೋಟಾರು ಕೂತಿದೆ. ಏರು ಹತ್ತುವಾಗ, ಮುಂದಿನ ವಾಹನವನ್ನು ದಾಟುವಾಗ ಅದು ಎಂಜಿನ್‌ಗೆ ಹೆಗಲು ಕೊಡುತ್ತದೆ. ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ತಾನೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಂದ್ ಆಗುತ್ತದೆ, ಮತ್ತೆ ಗೇರ್ ಹಾಕಿದೊಡನೆ ಇದೇ ಮೋಟಾರು ಅದನ್ನು ಸದ್ದಿಲ್ಲದೆ ಎಬ್ಬಿಸುತ್ತದೆ. ಮ್ಯಾನುವಲ್ ಗೇರಿನ ಕಾರು ಸಮತಟ್ಟಾದ ಹೆದ್ದಾರಿಯಲ್ಲಿ ಹದವಾಗಿ ಓಡುವಾಗ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಇರುವ ತೆಳು ಮಿಶ್ರಣವನ್ನು ಉರಿಸುತ್ತದೆ. ಅಲ್ಯೂಮಿನಿಯಂನಿಂದಾಗಿ ತೂಕ 850 ಕಿಲೋ ಆಸುಪಾಸು. ಗಾಳಿಯನ್ನು ಸೀಳುವ ಆಕಾರ ಹೇಗಿದೆಯೆಂದರೆ ಅದರ ಗಾಳಿ ತಡೆಯ ಗುಣಾಂಕ 0.25; ಆ ಕಾಲದ ಕಾರುಗಳಲ್ಲಿ ಅದು ಅಪರೂಪ. ಅಮೆರಿಕ ಸರ್ಕಾರದ ಅಂದಿನ ಪರೀಕ್ಷೆಯಲ್ಲಿ ನಗರದಲ್ಲಿ ಗ್ಯಾಲನ್‌ಗೆ 61 ಮೈಲಿ, ಹೆದ್ದಾರಿಯಲ್ಲಿ 70 ಮೈಲಿ ಎಂದು ದಾಖಲಾಯಿತು. ನಮ್ಮ ಲೆಕ್ಕಕ್ಕೆ ತಂದರೆ ಲೀಟರಿಗೆ ಸುಮಾರು 26 ಮತ್ತು 30 ಕಿಲೋಮೀಟರ್. ಪರೀಕ್ಷೆಯ ವಿಧಾನ ಬಿಗಿಯಾದ ಮೇಲೆ ಈ ಅಂಕಿಗಳನ್ನು ಇಳಿಸಲಾಯಿತು. ಆದರೂ ಹೆದ್ದಾರಿಯಲ್ಲಿ ಲೀಟರಿಗೆ 25 ಕಿಲೋಮೀಟರ್ ತೆಗೆಯುವುದು ಈ ಮಾಲೀಕರಿಗೆ ವಿಶೇಷವೇನಲ್ಲ.

ಇಷ್ಟೆಲ್ಲದರ ಜೀವ ಇರುವುದು ಸೀಟಿನ ಹಿಂದೆ, ಡಿಕ್ಕಿಯ ನೆಲದಡಿಯಲ್ಲಿ. ಅಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದೆ. ಒಂದೊಂದು ಸೆಲ್ಲೂ ದೊಡ್ಡ ಟಾರ್ಚಿಗೆ ಹಾಕುವ ದಪ್ಪ ಸೆಲ್ಲಿನ ಗಾತ್ರದ್ದು. ಆರು ಸೆಲ್ಲುಗಳನ್ನು ತಲೆಗೆ ಬಾಲ ಸೇರಿಸಿ ಒಂದು ಕಡ್ಡಿ, ಅಂಥ 20 ಕಡ್ಡಿ, ಒಟ್ಟು 120 ಸೆಲ್ಲು. ಒಂದೊಂದಕ್ಕೆ 1.2 ವೋಲ್ಟಿನಂತೆ 144 ವೋಲ್ಟ್. ಎಲ್ಲವೂ ಒಂದೇ ಸಾಲಿನಲ್ಲಿ ಪೋಣಿಸಿದಂತಿವೆ. ತೊಂದರೆ ಹುಟ್ಟುವುದೂ ಇಲ್ಲಿಯೇ.

ವರ್ಷಗಳು ಕಳೆದಂತೆ ಎಲ್ಲ ಸೆಲ್ಲುಗಳೂ ಒಂದೇ ಸಮನೆ ಸವೆಯುವುದಿಲ್ಲ. ಮಧ್ಯದಲ್ಲಿರುವವು ಹೆಚ್ಚು ಬಿಸಿಯಾಗಿ ಬೇಗ ಸೋಲುತ್ತವೆ. ಕಾರು ಬಳಸದೆ ನಿಂತರೆ ಕೆಲವು ಬೇಗ ಬರಿದಾಗುತ್ತವೆ, ಕೆಲವು ನಿಧಾನವಾಗಿ. ಚಾಲಕನಿಗೆ ಇದು ಗೊತ್ತಾಗುವ ರೀತಿ ಹೀಗೆ: ಮೀಟರಿನಲ್ಲಿ ಬ್ಯಾಟರಿಯ ಗೆರೆಗಳು ಮುಕ್ಕಾಲು ತುಂಬಿವೆ, ಕಾರು ಒಂದು ಮೇಲ್ಸೇತುವೆ ಏರುತ್ತಿದೆ, ಮೋಟಾರು ಎಂಜಿನ್‌ಗೆ ನೆರವಾಗುತ್ತಿದೆ. ಇದ್ದಕ್ಕಿದ್ದಂತೆ ಗೆರೆಗಳೆಲ್ಲ ಕುಸಿದು ತಳಕ್ಕೆ ಬರುತ್ತವೆ. ನೂರಿಪ್ಪತ್ತು ಸೆಲ್ಲುಗಳಲ್ಲಿ ಒಂದು ಕುಗ್ಗಿ ಅದರ ಗುಂಪಿನ ವೋಲ್ಟೇಜ್ ಬಿದ್ದಿರುತ್ತದೆ. ಕಾರಿನ ಕಂಪ್ಯೂಟರು ಬ್ಯಾಟರಿಯೇ ಖಾಲಿಯೆಂದು ತೀರ್ಮಾನಿಸಿ, ನೆರವು ನಿಲ್ಲಿಸಿ, ಎಂಜಿನ್ ಮೇಲೆ ಭಾರ ಹಾಕಿ ಚಾರ್ಜ್ ಮಾಡತೊಡಗುತ್ತದೆ. ಏರಿನ ನಡುವೆ ಕಾರಿನ ಶಕ್ತಿ ಕುಗ್ಗುತ್ತದೆ, ಮೈಲೇಜ್ ಇಳಿಯುತ್ತದೆ. ಸ್ವಲ್ಪ ದಿನಕ್ಕೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.

ಗ್ಯಾರೇಜಿಗೆ ಹೋದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಇಡೀ ಬ್ಯಾಟರಿ ಬದಲಿಸಿ. ಹಳೆಯ ಕಾರಿನ ಬೆಲೆಗೆ ಅದು ಹೊಂದುವುದಿಲ್ಲ. ಓಡಬಲ್ಲ ಎಷ್ಟೋ ಹೈಬ್ರಿಡ್ ಕಾರುಗಳು ಗುಜರಿ ಸೇರುವುದು ಈ ಒಂದು ಮಾತಿನಿಂದ. ಆದರೆ ಮಾಲೀಕರು ತಾವೇ ಪ್ರಯೋಗ ಮಾಡಿ ಬೇರೆ ದಾರಿ ಕಂಡುಕೊಂಡಿದ್ದಾರೆ. ಮನೆಯ ಕರೆಂಟಿನಿಂದ, ಅರ್ಧ ಆಂಪಿಯರಿಗೂ ಕಡಿಮೆ ಪ್ರವಾಹದಲ್ಲಿ, ತಾಸುಗಟ್ಟಲೆ ನಿಧಾನವಾಗಿ ಚಾರ್ಜ್ ಮಾಡುವುದು. ಮೊದಲೇ ತುಂಬಿದ ಸೆಲ್ಲುಗಳು ಹೆಚ್ಚಿನ ವಿದ್ಯುತ್ತನ್ನು ಶಾಖವಾಗಿ ಬಿಡುತ್ತವೆ, ಹಿಂದುಳಿದವು ಅಷ್ಟರಲ್ಲಿ ಬಂದು ಕೂಡಿಕೊಳ್ಳುತ್ತವೆ. ಆ ಶಾಖ ಹೊರಹೋಗಲು ಬ್ಯಾಟರಿಯ ಫ್ಯಾನ್ ಓಡುತ್ತಲೇ ಇರಬೇಕು. ಹೀಗೆ ತುಂಬಿಸಿ, ಹಿಡಿತದಲ್ಲಿ ಬರಿದು ಮಾಡಿ, ಮತ್ತೆ ತುಂಬಿಸಿದರೆ ಎಷ್ಟೋ ಬ್ಯಾಟರಿಗಳು ಚೇತರಿಸಿಕೊಳ್ಳುತ್ತವೆ. ಚೇತರಿಸದಿದ್ದರೆ ಸೋತ ಕಡ್ಡಿಯನ್ನಷ್ಟೇ ಬದಲಿಸಬಹುದು. ಅದೂ ಸಾಲದೆಂದರೆ ಲಿಥಿಯಂ ಬ್ಯಾಟರಿ ಕೂರಿಸಿದವರಿದ್ದಾರೆ.

ಇದನ್ನು ಓದಿ ತಿಳಿಯುವುದಕ್ಕೂ ಬಲ್ಲವರ ಪಕ್ಕ ನಿಂತು ಕಲಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಬ್ಯಾಟರಿಯ ಪ್ರಧಾನ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ ಇಳಿಯಲು ಐದು ನಿಮಿಷವಾದರೂ ಕಾಯಬೇಕು. ಕಾದು ಮುಚ್ಚಳ ತೆಗೆದರೂ ಅಪಾಯ ಮುಗಿಯುವುದಿಲ್ಲ: ಕಡ್ಡಿಗಳನ್ನು ಜೋಡಿಸುವ ಲೋಹದ ಪಟ್ಟಿಗಳಿರುವ ತಟ್ಟೆಯನ್ನು ಕಳಚುವವರೆಗೆ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇದ್ದೇ ಇರುತ್ತದೆ. ಕೈಯ ಉಂಗುರ, ಗಡಿಯಾರ, ಕತ್ತಿನ ಸರ ತೆಗೆದಿಡಬೇಕು, ರಬ್ಬರ್ ಕೈಗವಸು ಹಾಕಿಕೊಳ್ಳಬೇಕು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿರಬೇಕು. ಯಾವ ನಟ್ಟಿಗೆ ಎಷ್ಟು ಬಿಗಿ ಸಾಕು ಎಂಬುದು ಕೈಗೆ ಬರುವ ಜ್ಞಾನ. ಅದಕ್ಕೇ ಸಮಾವೇಶ ಬೇಕು.

ಇನ್ನು ಯೋಜನೆಗೆ ಬರೋಣ. ಮೊದಲ ಪ್ರಶ್ನೆ ಜಾಗದ್ದು. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ರಸ್ತೆಯಲ್ಲಿ ಸುಮಾರು 4,500 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದಷ್ಟು ದೂರ. ಹೋಂಡಾದ ಅಮೆರಿಕನ್ ಕಾರ್ಖಾನೆ ಇರುವ ಒಹಾಯೊದ ಮೇರಿಸ್ವಿಲ್ ಕಡೆಗೆ ಮನಸ್ಸು ಎಳೆಯುವುದು ಸಹಜ. ಅಲ್ಲಿ ಕಂಪನಿಯ ಇತಿಹಾಸ ಹೇಳುವ ಮ್ಯೂಸಿಯಂ ಕೂಡ ಇದೆ. ಆದರೆ ಈ ಇನ್‌ಸೈಟ್‌ಗಳು ತಯಾರಾಗಿ ಬಂದದ್ದು ಜಪಾನಿನಿಂದ. ಕ್ಯಾಲಿಫೋರ್ನಿಯಾದವರಿಗೆ ಒಹಾಯೊ 3,500 ಕಿಲೋಮೀಟರಿಗೂ ದೂರ. ಅಯೋವಾದ ಡಿಮೊಯ್ನ್‌ನಂಥ ನಡುನಾಡಿನ ಊರಾದರೆ ಲಾಸ್ ಏಂಜಲೀಸ್‌ನಿಂದ ಸುಮಾರು 2,700, ನ್ಯೂಯಾರ್ಕ್‌ನಿಂದ ಸುಮಾರು 1,800. ಕಷ್ಟ ಎರಡೂ ಕಡೆಯವರಿಗೆ ಹಂಚಿಹೋಗುತ್ತದೆ.

ಒಂದೇ ಊರಿಗೆ ಪ್ರತಿಸಲವೂ ಕರೆಯುವುದಕ್ಕಿಂತ ಜಾಗ ಬದಲಿಸುತ್ತಾ ಹೋಗುವುದು ಇನ್ನೂ ಒಳ್ಳೆಯದು. ಇದಕ್ಕೆ ಮಾದರಿ ಅದೇ ದೇಶದಲ್ಲಿ, ನಮ್ಮವರ ನಡುವೆಯೇ ಇದೆ. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ತನ್ನ ವಿಶ್ವ ಕನ್ನಡ ಸಮ್ಮೇಳನವನ್ನು 2000ದಲ್ಲಿ ಹ್ಯೂಸ್ಟನ್‌ನಲ್ಲಿ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಡೆಟ್ರಾಯಿಟ್, ಒರ್ಲಾಂಡೊ, ಬಾಲ್ಟಿಮೋರ್, ಷಿಕಾಗೊ ಎಂದು ಊರಿಂದೂರಿಗೆ ಒಯ್ದಿತು. ಆಯಾ ಊರಿನ ಕನ್ನಡ ಕೂಟ ಆತಿಥ್ಯದ ಹೊಣೆ ಹೊರುತ್ತದೆ. ದೂರದ ಪ್ರಯಾಣ ಮಾಡಲಾಗದವರಿಗೂ ಒಂದಲ್ಲ ಒಂದು ಸಲ ಸಮ್ಮೇಳನ ಹತ್ತಿರ ಬರುತ್ತದೆ. ಸಾವಿರಾರು ಜನರ ಸಮ್ಮೇಳನಕ್ಕೆ ಒಗ್ಗಿದ ಈ ಕ್ರಮ ಐವತ್ತು ಕಾರುಗಳ ಕೂಟಕ್ಕೆ ಖಂಡಿತ ಒಗ್ಗುತ್ತದೆ.

ದಿನ ಗೊತ್ತುಮಾಡುವಾಗ ಜನರ ರಜೆಯ ಜೊತೆಗೆ ಬ್ಯಾಟರಿಯನ್ನೂ ನೆನೆಯಬೇಕು. ಇನ್‌ಸೈಟ್‌ನ ಬ್ಯಾಟರಿಗೆ ತಂಪು ಸಿಗುವುದು ಕಾರಿನೊಳಗಿನ ಗಾಳಿಯಿಂದ. ಜುಲೈನಲ್ಲಿ ಅರಿಜೋನಾದ ಮರುಭೂಮಿ ದಾಟುವಾಗ ಹೊರಗೆ 45 ಡಿಗ್ರಿ ಇದ್ದು ಏಸಿ ಕೈಕೊಟ್ಟರೆ ಹಳೆಯ ಬ್ಯಾಟರಿಗೆ ಅದು ತಡೆಯಲಾರದ ಶಾಖ. ಬ್ಯಾಟರಿ ಕಾದರೆ ಕಂಪ್ಯೂಟರು ಅದರ ಬಳಕೆಯನ್ನು ಕಡಿತ ಮಾಡುತ್ತದೆ. ಚಳಿಗಾಲದಲ್ಲಿ ಉತ್ತರದ ರಸ್ತೆಗಳಲ್ಲಿ ಹಿಮ. ಹಾಗಾಗಿ ಮೇ ತಿಂಗಳು ಅಥವಾ ಸೆಪ್ಟೆಂಬರ್ ಸೂಕ್ತ. ಮೇ ಕೊನೆಯ ಮೆಮೋರಿಯಲ್ ಡೇ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ, ಇವೆರಡರ ಜೊತೆ ವಾರಾಂತ್ಯ ಸೇರಿ ಮೂರು ದಿನ ರಜೆ ಸಿಗುತ್ತದೆ. ಆದರೆ ಆ ದಿನಗಳಲ್ಲಿ ಹೋಟೆಲ್ ಬಾಡಿಗೆ ಏರುತ್ತದೆ, ಹೆದ್ದಾರಿ ತುಂಬುತ್ತದೆ. ಲೇಬರ್ ಡೇ ಕಳೆದು ಒಂದೆರಡು ವಾರದ ನಂತರದ ಗುರುವಾರದಿಂದ ಭಾನುವಾರವನ್ನು ಆರಿಸಿ, ಆರೇಳು ತಿಂಗಳು ಮೊದಲೇ ತಿಳಿಸಿದರೆ ಜನ ರಜೆ ಹಾಕಿಕೊಂಡು ಬರಬಹುದು.

ಬರುವ ದಾರಿಯೂ ಯೋಜನೆಯ ಭಾಗ. ಒಂದು ತುಂಬು ಟ್ಯಾಂಕು ಎಂದರೆ 40 ಲೀಟರ್, ಸಾವಿರ ಕಿಲೋಮೀಟರಿಗೆ ಸಾಕು. ಪೆಟ್ರೋಲಿನ ಚಿಂತೆಯಿಲ್ಲ, ಏರಿನ ಚಿಂತೆ ಇದೆ. ಪಶ್ಚಿಮದಿಂದ ಬರುವವರು ಕೊಲೊರಾಡೊದ 70ನೇ ಅಂತರರಾಜ್ಯ ಹೆದ್ದಾರಿ ಹಿಡಿದರೆ ಐಸೆನ್‌ಹೋವರ್ ಸುರಂಗದ ಬಳಿ 3,400 ಮೀಟರ್ ಎತ್ತರ ಹತ್ತಬೇಕು. ಸುಸ್ತಾದ ಬ್ಯಾಟರಿ ಅಂಥ ಏರಿನ ಅರ್ಧದಲ್ಲೇ ಕೈಚೆಲ್ಲುತ್ತದೆ. ಉತ್ತರದ ವಯೋಮಿಂಗ್ ಮೂಲಕ ಹೋಗುವ 80ನೇ ಹೆದ್ದಾರಿಯಲ್ಲಿ ಅತಿ ಎತ್ತರದ ಜಾಗವೂ 2,600 ಮೀಟರ್ ಆಸುಪಾಸು, ಏರು ನಿಧಾನ. ಯಾರ ಕಾರಿನ ಸ್ಥಿತಿ ಹೇಗಿದೆ ಎಂದು ಮೊದಲೇ ಕೇಳಿ, ಒಂದೇ ದಿಕ್ಕಿನಿಂದ ಬರುವವರನ್ನು ನಾಲ್ಕಾರು ಕಾರುಗಳ ಗುಂಪು ಮಾಡಿ, ಗುಂಪಿನಲ್ಲಿ ಒಬ್ಬರಾದರೂ ಬಲ್ಲವರಿರುವಂತೆ ನೋಡಿಕೊಳ್ಳಬೇಕು. 165/65 ಅಳತೆಯ 14 ಇಂಚಿನ ಟಯರು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ ಹೊರಡುವ ಮೊದಲೇ ಟಯರು ಪರೀಕ್ಷಿಸುವುದು ಕಡ್ಡಾಯವಾಗಲಿ. ಕಾರು ಕೆಟ್ಟರೆ ಎಳೆದು ತರುವ ಟೋಯಿಂಗ್ ಸೌಲಭ್ಯಕ್ಕೆ ಎಷ್ಟು ಮೈಲಿ ಮಿತಿ ಎಂದು ಪ್ರತಿಯೊಬ್ಬರೂ ತಿಳಿದಿರಲಿ. ಕಾರು ತರಲಾಗದವರು ವಿಮಾನದಲ್ಲೋ ಬೇರೆ ಕಾರಿನಲ್ಲೋ ಬಂದರೂ ಸಮಾನ ಸ್ವಾಗತ ಇರಬೇಕು. ಕಾರು ಕೆಟ್ಟು ನಿಂತವರಿಗೇ ಈ ಕೂಟದ ಅಗತ್ಯ ಹೆಚ್ಚು.

ಜಾಗ ಬಾಡಿಗೆಗೆ ಹಿಡಿಯುವಾಗ ಕೇಳಬೇಕಾದ್ದು ಸೊಗಸಾದ ಹುಲ್ಲುಹಾಸನ್ನಲ್ಲ. ಸಮತಟ್ಟಾದ ಕಾಂಕ್ರೀಟ್ ನೆಲ, ಮೇಲೆ ಚಾವಣಿ, ಗಟ್ಟಿಯಾದ ಮೇಜುಗಳು, ರಾತ್ರಿಯಿಡೀ ಹತ್ತಾರು ಚಾರ್ಜರುಗಳನ್ನು ತಾಳಬಲ್ಲ ವಿದ್ಯುತ್ ಸಂಪರ್ಕ, ಅಗ್ನಿಶಾಮಕ ಸಿಲಿಂಡರು, ಹತ್ತಿರದಲ್ಲಿ ಆಸ್ಪತ್ರೆ. ಅಮೆರಿಕದ ಕೌಂಟಿಗಳಲ್ಲಿ ಜಾತ್ರೆ, ದನಕರುಗಳ ಪ್ರದರ್ಶನ ನಡೆಯುವ ಮೈದಾನಗಳು ಸಾಮಾನ್ಯ. ವರ್ಷದ ಬಹುಪಾಲು ಖಾಲಿ ಇರುವ ಅಲ್ಲಿನ ಶೆಡ್ಡುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಸಾರ್ವಜನಿಕ ಜಾಗವಾದರೆ ಅನುಮತಿ ಪತ್ರದ ಜೊತೆ ವಿಮೆಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಬ್ಯಾಟರಿ ಬಿಚ್ಚುವ ಕೆಲಸ ಇದೆ ಎಂದು ವಿಮಾ ಕಂಪನಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಖರ್ಚನ್ನು ಯಾರೋ ಒಬ್ಬ ಉತ್ಸಾಹಿ ಕೈಯಿಂದ ಹಾಕಿ ದಣಿಯಬಾರದು. ನೋಂದಣಿ ಶುಲ್ಕ ಇಡಲಿ, ಕೂಟ ಮುಗಿದ ಮೇಲೆ ಪ್ರತಿ ಡಾಲರಿನ ಲೆಕ್ಕ ಎಲ್ಲರ ಮುಂದಿಡಲಿ. ಮುಂದಿನ ಸಲ ಕರೆದಾಗ ಜನ ನಂಬಿ ಬರುವುದು ಆ ಲೆಕ್ಕದಿಂದ.

ಕಾರ್ಯಕ್ರಮದಲ್ಲಿ ಭಾಷಣ ಕಡಿಮೆಯಿದ್ದಷ್ಟೂ ಲೇಸು. ಶುಕ್ರವಾರ ಬೆಳಗ್ಗೆ ಬಂದ ಕಾರುಗಳ ತಪಾಸಣೆ: ಬ್ಯಾಟರಿಯ ಪ್ರತಿ ಗುಂಪಿನ ವೋಲ್ಟೇಜ್ ಅಳೆದು ಒಂದು ಹಾಳೆಯಲ್ಲಿ ಬರೆದು ಗಾಜಿಗೆ ಸಿಕ್ಕಿಸುವುದು. ಸಂಜೆಯಿಂದ ಚಾರ್ಜಿಂಗ್. ಶನಿವಾರ ಒಂದು ಬ್ಯಾಟರಿಯನ್ನು ಎಲ್ಲರ ಕಣ್ಣೆದುರು ಬಿಚ್ಚಿ, ಸೋತ ಕಡ್ಡಿ ಹುಡುಕಿ, ಬದಲಿಸಿ, ಮತ್ತೆ ಜೋಡಿಸುವುದು. ಒಬ್ಬ ಬಲ್ಲವರಿಗೆ ನಾಲ್ಕೈದು ಕಲಿಯುವವರು ಮಾತ್ರ. ಜಾಸ್ತಿ ಜನ ಸುತ್ತುವರಿದರೆ ಕಲಿಕೆಯೂ ಆಗದು, ಸುರಕ್ಷತೆಯೂ ಇರದು. ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿದ್ದರೆ ತೊಳೆಯುವುದನ್ನು, ಅಲ್ಯೂಮಿನಿಯಂ ಬಾಡಿಯ ತಗ್ಗು ತೆಗೆಯುವುದನ್ನು ಪಕ್ಕದ ಮೇಜುಗಳಲ್ಲಿ ತೋರಿಸಬಹುದು. ಗುಜರಿಯಿಂದ ಉಳಿಸಿ ತಂದ ಹಿಂಬದಿ ದೀಪ, ಚಕ್ರದ ಹೊದಿಕೆ, ಬಾಗಿಲಿನ ಹಿಡಿಗಳನ್ನು ಕೊಟ್ಟು ಕೊಳ್ಳುವ ಒಂದು ಸಂತೆಯೂ ಇರಲಿ.

ಮೈಲೇಜ್ ಸ್ಪರ್ಧೆ ಇಲ್ಲದೆ ಹೈಬ್ರಿಡ್ ಕೂಟ ಪೂರ್ತಿಯಾಗದು. ಅದರ ಹಿಂದೆ ಒಂದು ಹೆಮ್ಮೆಯ ಚರಿತ್ರೆಯೇ ಇದೆ. 2005ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಐವರು ಸರದಿಯ ಮೇಲೆ ಒಂದು ಪ್ರಿಯಸ್ ಓಡಿಸಿ, ಸುಮಾರು 1,400 ಮೈಲಿ ದೂರಕ್ಕೆ ಗ್ಯಾಲನ್‌ಗೆ 109 ಮೈಲಿ, ಅಂದರೆ ಲೀಟರಿಗೆ 46 ಕಿಲೋಮೀಟರ್ ತೆಗೆದರು. ಮರುವರ್ಷ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆದ ಹೈಬ್ರಿಡ್‌ಫೆಸ್ಟ್‌ನಲ್ಲಿ ಇಂಥದೇ ಸ್ಪರ್ಧೆ ಏರ್ಪಟ್ಟಿತ್ತು. ಆದರೆ ಅಳತೆ ಕರಾರುವಾಕ್ಕಾಗಿರಬೇಕು. ಲೀಟರಿಗೆ 27 ಕಿಲೋಮೀಟರ್ ಓಡುವ ಕಾರು 80 ಕಿಲೋಮೀಟರಿಗೆ ಕುಡಿಯುವುದು ಮೂರೇ ಲೀಟರ್. ಟ್ಯಾಂಕ್ ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಫಲಿತಾಂಶದ ಆರನೇ ಒಂದು ಭಾಗವೇ ತಪ್ಪು. 320 ಕಿಲೋಮೀಟರ್ ಓಡಿಸಿದರೆ ಅದೇ ತಪ್ಪು ಶೇ 4ರಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ದಾರಿ ಉದ್ದವಿರಲಿ, ಎಲ್ಲರೂ ಒಂದೇ ಪಂಪಿನಲ್ಲಿ, ಕಾರನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ನಳಿಕೆ ಮೊದಲ ಸಲ ತಾನಾಗಿ ನಿಲ್ಲುವವರೆಗೆ ಮಾತ್ರ ತುಂಬಿಸಲಿ. ಗಾಳಿ ತಡೆ ತಪ್ಪಿಸಲು ಲಾರಿಯ ಬೆನ್ನಿಗೆ ಅಂಟಿಕೊಂಡು ಓಡಿಸಿದವರನ್ನು, ಹಿಂದಿನ ವಾಹನಗಳಿಗೆ ಅಡ್ಡಿಯಾಗುವಷ್ಟು ನಿಧಾನ ಹೋದವರನ್ನು ಸ್ಪರ್ಧೆಯಿಂದ ಕೈಬಿಡಬೇಕು. ಒಂದಿಷ್ಟು ಪೆಟ್ರೋಲಿಗಾಗಿ ರಸ್ತೆಯ ಮೇಲಿನ ಜೀವಗಳನ್ನು ಅಪಾಯಕ್ಕೊಡ್ಡುವ ಹಕ್ಕು ಯಾರಿಗೂ ಇಲ್ಲ.

ಕೂಟದಿಂದ ಹೊರಬರಬೇಕಾದ ಅತಿ ಬೆಲೆಬಾಳುವ ವಸ್ತು ಶುಕ್ರವಾರ ಬರೆದಿಟ್ಟ ಆ ಹಾಳೆಗಳು. ಯಾವ ವರ್ಷದ ಕಾರು, ಯಾವ ಹವೆಯಲ್ಲಿ ಓಡಿದೆ, ಎಷ್ಟು ಮೈಲಿಗೆ ಬ್ಯಾಟರಿ ಸೋತಿತು, ಏನು ಮಾಡಿದ ಮೇಲೆ ಎಷ್ಟು ಕಾಲ ಬಂತು ಎಂಬ ವಿವರ ಐವತ್ತು ಕಾರುಗಳಿಂದ ಒಟ್ಟಾಗಿ ಸಿಕ್ಕರೆ, ಯಾವ ಮದ್ದು ನಿಜವಾಗಿ ಫಲಿಸುತ್ತದೆ, ಯಾವುದು ಬರೀ ನಂಬಿಕೆ ಎಂದು ಬೇರ್ಪಡಿಸಬಹುದು. ಒಬ್ಬೊಬ್ಬರೇ ತಮ್ಮ ಮನೆಯ ಗ್ಯಾರೇಜಿನಲ್ಲಿ ಎಷ್ಟು ವರ್ಷ ತಿಣುಕಿದರೂ ಇದು ಸಾಧ್ಯವಿಲ್ಲ. ಈ ವಿದ್ಯೆ ಬಲ್ಲವರಲ್ಲಿ ಅನೇಕರಿಗೆ ಈಗ ವಯಸ್ಸಾಗುತ್ತಿದೆ. ಹತ್ತಿರದ ಐಟಿಐ ಮಾದರಿಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಶುಲ್ಕವಿಲ್ಲದೆ ಕರೆದು ಮೇಜಿನ ಸುತ್ತ ನಿಲ್ಲಿಸಿಕೊಳ್ಳುವುದು ಈ ಕಾರಣಕ್ಕೆ ಅತ್ಯಗತ್ಯ.

ಈಗ ನಮ್ಮ ಊರಿಗೆ ಬರೋಣ. ರಾಮನಗರದ ದಾರಿಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಿಸಿತು. 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗಳು ಅಲ್ಲಿಂದ ಹೊರಬರುತ್ತಿವೆ. ಹೈಕ್ರಾಸ್‌ನಲ್ಲಿರುವುದೂ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ. ತಂತ್ರಜ್ಞಾನ ಎಷ್ಟೋ ಸುಧಾರಿಸಿದೆ, ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿಯೂ ಇದೆ. ಆದರೆ ನಮ್ಮಲ್ಲಿ ಕಾರು ಎಂಟು ವರ್ಷಕ್ಕೆ ನಿಲ್ಲುವುದಿಲ್ಲ. ಎರಡನೆಯವರ, ಮೂರನೆಯವರ ಕೈಗೆ ದಾಟಿ, ಬೆಂಗಳೂರಿನಿಂದ ಹಾಸನಕ್ಕೆ, ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಇನ್ನೂ ಹತ್ತು ವರ್ಷ ದುಡಿಯುತ್ತದೆ. ವಾರಂಟಿ ಮುಗಿದ ಹೈಬ್ರಿಡ್ ಕೊಂಡ ಆ ಮೂರನೆಯವರು ಸೋತ ಬ್ಯಾಟರಿ ಹಿಡಿದು ಯಾರ ಬಳಿ ಹೋಗಬೇಕು? ನಮ್ಮ ಊರುಗಳ ಮೆಕ್ಯಾನಿಕ್‌ಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ, ಆದರೆ ಈ ವೋಲ್ಟೇಜಿನ ಜೊತೆ ಕೆಲಸ ಮಾಡುವ ತರಬೇತಿ ಅವರಲ್ಲಿ ಹೆಚ್ಚಿನವರಿಗೆ ಇನ್ನೂ ಸಿಕ್ಕಿಲ್ಲ.

ಅಮೆರಿಕದ ಇನ್‌ಸೈಟ್ ಮಾಲೀಕರು ಈ ವಿದ್ಯೆಯನ್ನು ಕಾರುಗಳು ಕೆಟ್ಟ ಮೇಲೆ, ಒಬ್ಬೊಬ್ಬರಾಗಿ, ಕಷ್ಟಪಟ್ಟು ಸಂಪಾದಿಸಿದರು. ನಮಗೆ ಸಮಯವಿದೆ. ವಾರಂಟಿ ಇನ್ನೂ ಚಾಲ್ತಿಯಲ್ಲಿರುವಾಗಲೇ ಇಲ್ಲಿನ ಹೈಬ್ರಿಡ್ ಮಾಲೀಕರು ಜಿಲ್ಲೆಗೊಂದು ಸಲವಾದರೂ ಕೂಡಬೇಕು, ಕೂಟಕ್ಕೆ ಊರಿನ ಮೆಕ್ಯಾನಿಕ್‌ಗಳನ್ನೂ ಐಟಿಐ ಶಿಕ್ಷಕರನ್ನೂ ಕರೆಯಬೇಕು, ಬ್ಯಾಟರಿಯ ಬಿಡಿಭಾಗ ಮತ್ತು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಕಂಪನಿಗಳನ್ನು ಒಟ್ಟಾಗಿ ಕೇಳಬೇಕು. ಒಬ್ಬ ಗ್ರಾಹಕನ ಪತ್ರಕ್ಕೆ ಸಿಗದ ಉತ್ತರ ಐನೂರು ಮಾಲೀಕರ ಪತ್ರಕ್ಕೆ ಸಿಗುತ್ತದೆ. ಪೆಟ್ರೋಲ್ ಉಳಿಸಲೆಂದು ಕೊಂಡ ಕಾರು ಹತ್ತೇ ವರ್ಷಕ್ಕೆ ಗುಜರಿಯಾದರೆ, ಅದರ ತಯಾರಿಕೆಗೆ ಸುರಿದ ಲೋಹ, ವಿದ್ಯುತ್ತು, ಶ್ರಮವೆಲ್ಲ ಪೋಲು. ಅದು ಇಪ್ಪತ್ತು ವರ್ಷ ಓಡಿದಾಗಲೇ ನಿಜವಾದ ಉಳಿತಾಯ.